ಪದಚರ್ಚೆ: ‘ಹಿಮ್ಮುಖ ಹೊಂದಾಣಿಕೆ’ಗೆ ಬದಲಿ ಪದವಿದೆಯೇ?

ಶಿರಸಿಯಿಂದ:
ಪ್ರೋಗ್ರಾಂ ಕಡತಗಳ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ತಂತ್ರಾಂಶದ ಸಂದೇಶಗಳನ್ನು ಕನ್ನಡಕ್ಕೆ ತರುತ್ತಿದ್ದು, ಸೋಮವಾರದೊಳಗೆ ಕಡತವನ್ನು ಒಪ್ಪಿಸಬೇಕಾಗಿದೆ. ‘ಬ್ಯಾಕ್‌ವರ್ಡ್ ಕಂಪ್ಯಾಟಿಬಿಲಿಟಿ’ಗೆ ‘ಹಿಮ್ಮುಖ ಹೊಂದಾಣಿಕೆ’ ಎಂದು ಬರೆದಿದ್ದೆ. ಓದಿದ ಗೆಳೆಯರು ಅದನ್ನು ಹಳೆಯ ಆವೃತ್ತಿಗೆ ಮರಳುವುದೆಂದೇ ತಿಳಿದರು. ನಾನು ಹೇಳಬೇಕಾದದ್ದು ಬೇರೆ: ಹೊಸ ಆವೃತ್ತಿ ಬಂದರೂ ಹಳೆಯ ಬಳಕೆ ಕೆಡದೆ ನಡೆಯುವುದು. 2019ರ 2.23ನೇ ಆವೃತ್ತಿಯಲ್ಲಿ ‘ಸ್ವಿಚ್’ (ಕೆಲಸದ ಒಂದು ಶಾಖೆಯಿಂದ ಇನ್ನೊಂದಕ್ಕೆ ಹೋಗಲು), ‘ರಿಸ್ಟೋರ್’ (ಕಡತವನ್ನು ಹಿಂದಿನ ಸ್ಥಿತಿಗೆ ತರಲು) ಎಂಬ ಹೊಸ ಆದೇಶಗಳು ಬಂದರೂ, ಆ ಎರಡೂ ಕೆಲಸಗಳನ್ನು ಮೊದಲಿನಿಂದ ಹೊತ್ತಿದ್ದ ‘ಚೆಕ್‌ಔಟ್’ ಅನ್ನು ತೆಗೆಯದೆ ಉಳಿಸಿಕೊಂಡರು. ಇದಕ್ಕೆ ಪದ ಬೇಕು.

ಕಾರವಾರದಿಂದ:
‘ಹಿಮ್ಮುಖ’ ಸಲ್ಲದು. ಅದು ಕನ್ನಡ-ಸಂಸ್ಕೃತ ಪದಗಳು ಬೆರೆತ ಅರಿಸಮಾಸವೆಂಬ ಕಾರಣಕ್ಕಲ್ಲ, ಅದನ್ನು ರೂಢಿ ಎಂದೋ ಒಪ್ಪಿದೆ. ಮುಖವೆಂದರೆ ದಿಕ್ಕು, ಇಲ್ಲಿ ದಿಕ್ಕಿನ ಮಾತೇ ಇಲ್ಲ. ಹೊಸ ಸೇತುವೆಯಾದ ಮೇಲೂ ಹಳ್ಳದ ಮೇಲಿನ ಅಡಿಕೆಮರದ ಸಂಕವನ್ನು ಕೀಳದೆ ಬಿಡುತ್ತೇವಲ್ಲ, ಅಂಥದು ಇದು. ‘ಊರಿನ ನೀರು ಒಗ್ಗಲಿಲ್ಲ’ ಎನ್ನುವಲ್ಲಿನ ‘ಒಗ್ಗು’ ಇದಕ್ಕೆ ತಕ್ಕ ಧಾತು. ‘ಹಳತೊಗ್ಗು’ ಎನ್ನಿ. 2014ರ 2.0ರಲ್ಲಿ ಬದಲಾವಣೆಗಳನ್ನು ದೂರದ ಭಂಡಾರಕ್ಕೆ ಕಳುಹಿಸುವ ‘ಪುಶ್’ ಆದೇಶದ ಪೂರ್ವನಿಯೋಜಿತ ನಡೆಯನ್ನು ‘ಮ್ಯಾಚಿಂಗ್’ನಿಂದ (ಹೆಸರು ಹೊಂದುವ ಎಲ್ಲ ಶಾಖೆಗಳು) ‘ಸಿಂಪಲ್’ಗೆ (ಈಗಿನ ಶಾಖೆ ಮಾತ್ರ) ಬದಲಿಸಿದ್ದು ಹಳತೊಗ್ಗಲ್ಲ, ಅದಕ್ಕೆಂದೇ ಹಿಂದಿನ ಆವೃತ್ತಿಗಳಲ್ಲಿ ಮುನ್ನೆಚ್ಚರಿಕೆ ತೋರಿಸುತ್ತ ಬಂದರು. ಇನ್ನೊಂದು ಮಾತು: ಕಡತಗಳ ಸ್ಥಿತಿ ತೋರಿಸುವ ‘ಸ್ಟೇಟಸ್’ ಆದೇಶದ ‘--ಪೋರ್ಸಲೇನ್’ ಆಯ್ಕೆಯನ್ನು ‘ಪಿಂಗಾಣಿ’ ಮಾಡಬೇಡಿ. ಬೇರೆ ಪ್ರೋಗ್ರಾಮುಗಳು ಓದಲೆಂದು ಬದಲಾಗದ ರೂಪದಲ್ಲಿ ಫಲಿತಾಂಶ ಕೊಡುವ ಆಯ್ಕೆ ಅದು. ಅಕ್ಷರ ಬದಲಾದರೆ ಸ್ಕ್ರಿಪ್ಟುಗಳು ನಿಲ್ಲುತ್ತವೆ.

ಕುಮಟಾದಿಂದ:
‘ಹಳತೊಗ್ಗು’ ಎಂದು ಆಡಿದವರನ್ನು ನಾನು ಕಂಡಿಲ್ಲ. ‘ಚಾವಿ’, ‘ಪಗಾರ’ ಪೋರ್ಚುಗೀಸರಿಂದ ಬಂದವೆಂದು ನಮ್ಮ ಕರಾವಳಿಯವರು ಅವನ್ನು ಹಿಂದಿರುಗಿಸಿದರೇ? ‘ಕಂಪ್ಯಾಟಿಬಿಲಿಟಿ’ ಎಂದೇ ಬರೆದು ಕಡತ ಕಳುಹಿಸಿ.

ಕಾರವಾರದಿಂದ:
ಚಾವಿ ವಸ್ತುವಿನ ಹೆಸರು. ಇದು ಗುಣ, ಗುಣಕ್ಕೆ ನಮ್ಮಲ್ಲಿ ಕ್ರಿಯಾಪದವಿರುವಾಗ ಆರಕ್ಷರದ ಸಾಲವೇಕೆ?

ಶಿರಸಿಯಿಂದ:
ಇಬ್ಬರಿಗೂ ವಂದನೆಗಳು. ಶೀರ್ಷಿಕೆಯಲ್ಲಿ ‘ಹಳತೊಗ್ಗು’ ಇಟ್ಟು, ವಾಕ್ಯಗಳಲ್ಲಿ ‘ಈ ಬದಲಾವಣೆಯು ಹಳೆಯ ಬಳಕೆಗೆ ಒಗ್ಗುತ್ತದೆ’ ಎಂದು ಬಿಡಿಸಿ ಬರೆದಿದ್ದೇನೆ. ‘ಪೋರ್ಸಲೇನ್’ ಹಾಗೆಯೇ ಇದೆ.