ಶ್ರೀನಿವಾಸ ಸಾಗರಕ್ಕೆ ಮಕ್ಕಳು, ವಯಸ್ಸಾದವರ ಜೊತೆ ಹೋಗಬಹುದಾ?

ಪ್ರಶ್ನೆ (ಕೋಲಾರದವಳು):
ಕೋಲಾರದಿಂದ ಎರಡು ಕಾರಲ್ಲಿ ಒಂಬತ್ತು ಜನ ಹೊರಟಿದ್ದೀವಿ. ಅತ್ತೆಗೆ ಮಂಡಿ ನೋವು, ಮಕ್ಕಳು ಮೂವರೂ ಹತ್ತು ವರ್ಷದೊಳಗಿನವರು. ಚಿಕ್ಕಬಳ್ಳಾಪುರದ ಶ್ರೀನಿವಾಸ ಸಾಗರದ ಫಾಲ್ಸ್ ರೀಲ್ಸ್‌ನಲ್ಲಿ ನೋಡಿ ಒಂದೇ ಹಟ. ಯಾವಾಗ ನೀರಿರುತ್ತೆ? ಇಳಿಯಬಹುದಾ? ಊಟ, ಬಟ್ಟೆ ಬದಲಾಯಿಸೋದು ಹೇಗೆ?

ಏರಿಮೇಲಿನವನು:
ಮೇಡಂ, ರೀಲ್ಸ್‌ನಲ್ಲಿರೋದು ಕಟ್ಟೆಯ ಕೋಡಿ. ಕೆರೆ ತುಂಬಿ ಗೋಡೆ ಮೇಲಿಂದ ನೀರು ಹರಿದರೆ ಮಾತ್ರ ಅದು ಫಾಲ್ಸ್. ಮಿಕ್ಕ ದಿನ ಬರೀ ಕಲ್ಲುಗೋಡೆ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲೇ, ಕೋಡಿಯೂ ಹೆಚ್ಚಾಗಿ ಆಗಲೇ. ಆದರೆ ಲೆಕ್ಕ ತಪ್ಪೋದೂ ಉಂಟು: 2022ರಲ್ಲಿ ಮೇ ತಿಂಗಳಲ್ಲೇ ಕೋಡಿ ಹರಿದಿತ್ತು. ಹಳೇ ವಿಡಿಯೋನೇ ಪ್ರತಿ ಮಳೆಗಾಲಕ್ಕೂ ಹೊಸದಾಗಿ ಸುತ್ತುತ್ತೆ, ನಂಬಬೇಡಿ. ಚಿಕ್ಕಬಳ್ಳಾಪುರದಲ್ಲಿ ಪರಿಚಯದವರಿದ್ದರೆ ಅವತ್ತು ಬೆಳಗಿನ ಫೋಟೋ ತರಿಸಿಕೊಂಡು ಹೊರಡಿ. ನೀರು ಜಾಸ್ತಿಯಾದರೆ ಪ್ರವೇಶವನ್ನೇ ನಿಲ್ಲಿಸ್ತಾರೆ, ಅದನ್ನೂ ಕೇಳಿ.

ದಾರಿ: ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ. ಭಾನುವಾರ ಬೇಡ, ಬೆಂಗಳೂರಿನ ಜನವೆಲ್ಲ ಅಲ್ಲೇ ಇರ್ತಾರೆ.

ಪಾಚಿಕಲ್ಲು:
ಇಳಿಯೋ ವಿಷಯ. ಗೋಡೆ ಸುಮಾರು 50 ಅಡಿ. ಕಲ್ಲುಗಳ ಸಂದು ಮೆಟ್ಟಿಲ ಹಾಗೆ ಕಾಣುತ್ತೆ, ಹತ್ತೋಣ ಅನ್ನಿಸೋದು ಅದಕ್ಕೇ. 2022ರಲ್ಲಿ ಹಾಗೆ ಹತ್ತಿದ ಒಬ್ಬ ಯುವಕ ಕೈ ಜಾರಿ ಬಿದ್ದದ್ದು ಎಲ್ಲರ ಫೋನಲ್ಲೂ ಓಡಾಡಿತ್ತು. ನೀರು ಸವರಿಕೊಂಡು ಹೋಗೋ ಕಲ್ಲಿನ ಮೇಲೆ ಕಪ್ಪು-ಹಸಿರು ಲೋಳೆ ಕೂತಿರುತ್ತೆ. ಒಣಗಿದ್ದಾಗ ಕಲ್ಲಿನ ಬಣ್ಣವೇ ಅನ್ನಿಸುತ್ತೆ, ಒದ್ದೆಯಾದ ಕೂಡಲೇ ಸೋಪು. ಹವಾಯಿ ಚಪ್ಪಲಿಗಂತೂ ಹಿಡಿತವೇ ಇಲ್ಲ. ಹಿಂದೆ ಪಟ್ಟಿ ಇರೋ, ಅಡಿಯಲ್ಲಿ ಆಳವಾದ ಗೀರಿರೋ ರಬ್ಬರ್ ಸ್ಯಾಂಡಲ್ ಹಾಕಿಸಿ.

ನೀರು ನೋಡಿ ತೀರ್ಮಾನ ಮಾಡಿ. ತೆಳ್ಳಗೆ, ತಿಳಿಯಾಗಿ ಗೋಡೆಗೆ ಅಂಟಿಕೊಂಡು ಇಳೀತಿದ್ದರೆ ದೂರದ ಅಂಚಲ್ಲಿ, ದೊಡ್ಡವರ ಕೈ ಹಿಡಿದು, ಪಾದ ಮುಳುಗೋವಷ್ಟು ಸಾಕು. ಕೆಂಪಗಿದ್ದು ಗೋಡೆಯಿಂದ ಚಿಮ್ಮಿ ದೂರ ಬೀಳ್ತಿದ್ದರೆ ಇಳಿಯಲೇಬೇಡಿ. ಕೆಂಪು ನೀರಲ್ಲಿ ಗುಂಡಿ ಕಾಣಲ್ಲ, ಮೇಲಿಂದ ಕೊಂಬೆ, ಕಲ್ಲು ಕೂಡ ಜೊತೆಗೆ ಬರುತ್ತೆ. ಸರಿಯಾಗಿ ಧಾರೆಯ ಕೆಳಗೆ ಯಾವಾಗಲೂ ನಿಲ್ಲಬಾರದು.

ಕೋಲಾರದವಳು:
ಅಲ್ಲಿ ಬಿಸಿಲಿದ್ದರೆ ಭಯ ಇಲ್ಲ ತಾನೆ?

ಪಾಚಿಕಲ್ಲು:
ಇದೆ. ಕೆರೆಗಳು ಒಂದರ ಕೆಳಗೊಂದು ಸರಪಣಿ. ರಾತ್ರಿ ಮೇಲುಗಡೆ ಮಳೆ ಹೊಯ್ದು ಅಲ್ಲಿನ ಕೆರೆ ಕೋಡಿ ಬಿದ್ದರೆ ಆ ನೀರು ಇಲ್ಲಿಗೆ ಬಿಸಿಲಲ್ಲೇ ಬರುತ್ತೆ. ತಿಳಿ ನೀರು ಇದ್ದಕ್ಕಿದ್ದಂತೆ ಕದಡಿದರೆ, ಕಸಕಡ್ಡಿ ತೇಲಿ ಬಂದರೆ, ಮಕ್ಕಳನ್ನ ಎತ್ತಿಕೊಂಡು ದಡಕ್ಕೆ ಬನ್ನಿ. ಸೆಲ್ಫಿ ಆಮೇಲೆ.

ಬುತ್ತಿಗಂಟು:
ಊಟಕ್ಕೆ ಪುಳಿಯೋಗರೆ, ಮೊಸರನ್ನ ಕಟ್ಟಿಕೊಳ್ಳಿ. ಕುಡಿಯೋ ನೀರು ತಲೆಗೆ ಒಂದೂವರೆ ಲೀಟರ್. ಬಟ್ಟೆ ಬದಲಾಯಿಸೋಕೆ ಹಳೇ ಬೆಡ್‌ಶೀಟ್ ಒಂದಿದ್ದರೆ ಕಾರಿನ ಎರಡು ಬಾಗಿಲ ನಡುವೆ ಮರೆ ಕಟ್ಟಬಹುದು. ಎಲೆ, ಲೋಟ ಹಾಕೋಕೆ ಚೀಲ ನೀವೇ ತನ್ನಿ. ಅಲ್ಲಿ ಬಿಟ್ಟುಬಂದ ಪ್ಲಾಸ್ಟಿಕ್ ಸೀದಾ ರೈತರ ಕಾಲುವೆಗೇ ಹೋಗೋದು.

ಅತ್ತೆಯವರನ್ನ ಆ ಕಲ್ಲಿನ ಮೇಲೆ ನಡೆಸಬೇಡಿ, ಕೂರೋಕೆ ಮಡಚೋ ಕುರ್ಚಿ ಒಯ್ಯಿರಿ. ಕೋಡಿ ಇಲ್ಲ ಅಂತ ಗೊತ್ತಾದರೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೆ ಹೋಗಿ. ಕಲ್ಯಾಣಿ ಇದೆ, ಹುಲ್ಲುಹಾಸು ಇದೆ, ಬೆಟ್ಟ ಹತ್ತೋ ಕೆಲಸ ಇಲ್ಲ. ಮಕ್ಕಳಿಗೆ ಮಾತ್ರ ಕಲ್ಯಾಣಿ ಮೆಟ್ಟಿಲ ಹತ್ತಿರ ಒಬ್ಬರು ಕಾವಲಿರಿ.