ಬೀಥೋವನ್‌ನ ಒಂಬತ್ತನೆಯ ಸಿಂಫನಿ: ಪ್ರತಿ ಸಲವೂ ಅದೇ ಜಾಗದಲ್ಲಿ ಗಂಟಲು ಬಿಗಿಯುವುದೇಕೆ?

ಪ್ರಶ್ನೆ

ಹತ್ತು ವರ್ಷಗಳಿಂದ ಈ ಸಿಂಫನಿಯನ್ನು ಕೇಳುತ್ತಿದ್ದೇನೆ. ಜರ್ಮನ್ ಭಾಷೆಯ ಒಂದಕ್ಷರವೂ ಬಾರದು. ಆದರೂ ನಾಲ್ಕನೆಯ ಭಾಗದಲ್ಲಿ ಸೆಲ್ಲೋಗಳು (ತಗ್ಗು ದನಿಯ ದೊಡ್ಡ ಪಿಟೀಲಿನಂಥ ವಾದ್ಯಗಳು) "ಓಡ್ ಟು ಜಾಯ್" ಎಂಬ ಆ ಧಾಟಿಯನ್ನು ಮೆಲ್ಲಗೆ ಎತ್ತಿಕೊಂಡ ಕೂಡಲೇ ಗಂಟಲು ಬಿಗಿಯುತ್ತದೆ. ಗಾಯಕರು ಇನ್ನೂ ಬಾಯಿಯನ್ನೇ ತೆರೆದಿರುವುದಿಲ್ಲ. ಮಕ್ಕಳೂ ಗುನುಗಬಲ್ಲ ಧಾಟಿ ಅದು. ಅದನ್ನೊಂದನ್ನೇ ಬೇರೆ ಮಾಡಿ ಕೇಳಿದರೆ ನನಗೆ ಹೀಗಾಗುವುದಿಲ್ಲ. ಏಕೆ?

ಉತ್ತರ 1

ಅದಕ್ಕಿಂತ ಮುಂಚೆ ಏನಾಗುತ್ತದೆ ಎಂಬುದನ್ನು ಗಮನಿಸಿ. ನಾಲ್ಕನೆಯ ಭಾಗ ಶುರುವಾಗುವುದೇ ಒಂದು ಚೀರಾಟದಿಂದ. ಆಮೇಲೆ ಹಿಂದಿನ ಮೂರೂ ಭಾಗಗಳ ತುಣುಕುಗಳು ಒಂದೊಂದಾಗಿ ಬಂದು ಇಣುಕುತ್ತವೆ. ಸೆಲ್ಲೋ ಮತ್ತು ಡಬಲ್ ಬಾಸ್‌ಗಳು ಮಾತನಾಡುವ ದನಿಯಲ್ಲಿ ಅವನ್ನು ಹಿಂದಕ್ಕೆ ಕಳಿಸುತ್ತವೆ. ಇಷ್ಟೆಲ್ಲ ತಳ್ಳಿಹಾಕಿದ ಮೇಲೆ ಆ ಧಾಟಿ ಬರುತ್ತದೆ, ಯಾವ ಆಸರೆಯೂ ಇಲ್ಲದೆ, ಪಿಸುಮಾತಿನಷ್ಟು ಮೆಲ್ಲಗೆ.

ಎರಡನೆಯ ಸುತ್ತಿನಲ್ಲಿ ವಯೋಲಾ ಎಂಬ ತಂತಿವಾದ್ಯಗಳು ಸೇರುವಾಗ ಬಸೂನ್ ಎಂಬ ಊದುವ ವಾದ್ಯವೊಂದು ತನ್ನದೇ ದಾರಿ ಹಿಡಿದು ಜೊತೆಗೆ ಅಲೆಯುತ್ತದೆ. ಹೆಡ್‌ಫೋನ್ ಹಾಕಿಕೊಂಡು ಒಮ್ಮೆ ಅದರ ಬೆನ್ನು ಹತ್ತಿ. ಇಡೀ ಕೃತಿಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದೇ.

ಉತ್ತರ 2

ನಾನು ಇದನ್ನು ಎರಡು ಸಲ ವೇದಿಕೆಯ ಮೇಲೆ ಹಾಡಿದ್ದೇನೆ, ಮೇಳದ ಆಲ್ಟೋ (ಹೆಂಗಸರ ತಗ್ಗು ದನಿ) ಸಾಲಿನಲ್ಲಿ. ಮೊದಲ ಮೂರು ಭಾಗ, ಹೆಚ್ಚುಕಡಿಮೆ ಮುಕ್ಕಾಲು ಗಂಟೆ, ನಮಗೆ ಹಾಡುವುದಕ್ಕೆ ಏನೂ ಇರುವುದಿಲ್ಲ. ಮಡಿಲಲ್ಲಿ ಮುಚ್ಚಿದ ಸ್ವರಪುಸ್ತಕ, ಒಣಗುತ್ತಿರುವ ಬಾಯಿ. ಮೂರನೆಯ ಭಾಗದ ನಿಧಾನಗತಿಯಲ್ಲಂತೂ ಅಕ್ಕಪಕ್ಕದವರ ಉಸಿರು ಕೇಳಿಸುತ್ತಿತ್ತು.

ಕೊನೆಗೆ ಬಾಸ್ (ಗಂಡಸರ ತಗ್ಗು ದನಿ) ಗಾಯಕ ಎದ್ದು "ಗೆಳೆಯರೇ, ಈ ಸ್ವರಗಳು ಬೇಡ" ಎನ್ನುತ್ತಾನೆ. ಆ ಮಾತು ನಾವು ಹಾಡುವ, ಜರ್ಮನ್ ಕವಿ ಶಿಲ್ಲರ್ 1785ರಲ್ಲಿ ಬರೆದ ಕವಿತೆಯದ್ದಲ್ಲ, ಬೀಥೋವನ್ ತಾನೇ ಸೇರಿಸಿದ್ದು. ಅಷ್ಟು ಹೊತ್ತು ಸುಮ್ಮನೆ ಕುಳಿತವಳಿಗೆ ಅದು ನನ್ನನ್ನೇ ಕರೆದಂತೆ ಕೇಳಿಸಿತು.

ಗಟ್ಟಿಯಾಗಿ ಹಾಡುವಲ್ಲಿ ನಾನು ಅಳಲಿಲ್ಲ. ಸೋಪ್ರಾನೋಗಳು (ಹೆಂಗಸರ ಮೇಲು ದನಿಯವರು) ಆ ಎತ್ತರದ ಸ್ವರವನ್ನು ಬಿಡದೆ ಹಿಡಿದಿದ್ದಾಗ ನನ್ನ ಮುಂದಿದ್ದಾಕೆಯ ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು, ಆಗಲೂ ಇಲ್ಲ. "ನಕ್ಷತ್ರಗಳಾಚೆ ಅವನು ಇರಲೇಬೇಕು" ಎಂದು ದೇವರನ್ನು ಕುರಿತ ಸಾಲು ಬರುತ್ತದಲ್ಲ, ತಂತಿವಾದ್ಯಗಳು ನಡುಗುತ್ತಿರುವಾಗ ಇಡೀ ಮೇಳ ಅದನ್ನು ತೀರಾ ಮೆಲ್ಲಗೆ ಹಾಡಬೇಕು. ಅಲ್ಲಿ ನನ್ನ ದನಿ ನಿಂತೇಹೋಯಿತು. "ಇರುತ್ತಾನೆ" ಎಂದಲ್ಲ, "ಇರಲೇಬೇಕು" ಎಂದು. ಎರಡನೆಯ ಸಲವೂ ಅಲ್ಲಿಯೇ ಸೋತೆ. ಪಕ್ಕದವರು ನನ್ನ ಪಾಲನ್ನೂ ಹಾಡಿಕೊಂಡು ಹೋದರು. ಮೇಳ ಎಂದರೆ ಅದೇ ತಾನೇ.

ಉತ್ತರ 3

1824ರ ಮೇ 7ರಂದು ವಿಯೆನ್ನಾದಲ್ಲಿ ಇದರ ಮೊದಲ ಪ್ರದರ್ಶನ. ಕಿವಿ ಕೇಳಿಸದ ಬೀಥೋವನ್ ವೇದಿಕೆಯ ಮೇಲೆಯೇ ಇದ್ದ. ವಾದ್ಯಗಾರರು ಅನುಸರಿಸಿದ್ದು ನಿರ್ದೇಶಕ ಉಮ್ಲಾಫ್‌ನ ಕೈಯನ್ನು. ಜನರ ಚಪ್ಪಾಳೆ ಬೀಥೋವನ್‌ಗೆ ತಿಳಿಯಲಿಲ್ಲ. ಹಾಡಿದವರಲ್ಲಿ ಒಬ್ಬಳಾದ ಕರೋಲಿನ್ ಉಂಗರ್ ಅವನನ್ನು ಸಭೆಯ ಕಡೆಗೆ ತಿರುಗಿಸಿದಳು. ಅವಳೂ ಆಲ್ಟೋ.

ಪ್ರಶ್ನೆ ಕೇಳಿದವರು

ಈಗಷ್ಟೇ ಬಸೂನಿನ ಬೆನ್ನು ಹತ್ತಿ ಕೇಳಿದೆ. ಹತ್ತು ವರ್ಷ ಇದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ! ಇನ್ನು "ಇರಲೇಬೇಕು" ಬರುವ ತನಕ ಬಿಡದೆ ಕೇಳುತ್ತೇನೆ.