ಸಹಾಯ ಬೇಕು: ಗಾಟಾ3 ತೆಳುವಾಗಿ ಬಂದಿದೆ, ಮುಂದೆ ಯಾವ ಮಾರ್ಕರ್?

ಪೆಥಾಲಜಿಯವರು ಯಾರಾದರೂ ಸ್ವಲ್ಪ ನೋಡಿ. ಲಿವರ್‌ನ ಸೂಜಿ ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮಾ (ಗ್ರಂಥಿ ಕೋಶಗಳ ಕ್ಯಾನ್ಸರ್) ಇದೆ, ಬೇರೆ ಕಡೆಯಿಂದ ಹರಡಿದ್ದು ಅನಿಸುತ್ತದೆ. ಎಲ್ಲಿಂದ ಎಂದು ತಿಳಿಯಲು ಮಾರ್ಕರ್‌ಗಳನ್ನು, ಅಂದರೆ ಕೋಶದ ಪ್ರೋಟೀನ್‌ಗಳಿಗೆ ಬಣ್ಣ ಕೊಡುವ ಪರೀಕ್ಷೆಗಳನ್ನು, ಹಾಕಿದ್ದೇನೆ. ಸಿಕೆ7 ಎಲ್ಲ ಕೋಶಗಳಲ್ಲೂ ಗಾಢ ಕಂದು. ಸಿಕೆ20, ಸಿಡಿಎಕ್ಸ್2 ಎರಡೂ ಖಾಲಿ, ಹಾಗಾಗಿ ದೊಡ್ಡ ಕರುಳನ್ನು ಸದ್ಯಕ್ಕೆ ಬದಿಗಿಟ್ಟಿದ್ದೇನೆ. ಟಿಟಿಎಫ್-1 (ಶ್ವಾಸಕೋಶ, ಥೈರಾಯ್ಡ್ ಮಾರ್ಕರ್), ಇಆರ್ (ಈಸ್ಟ್ರೋಜನ್ ರಿಸೆಪ್ಟರ್) ಕೂಡ ನೆಗೆಟಿವ್. ಕಂಟ್ರೋಲ್ ಸರಿಯಾಗಿಯೇ ಬಂದಿದೆ.

ತಲೆ ಕೆಡಿಸಿರುವುದು ಸ್ತನದ ಗಡ್ಡೆಗೆ ನೋಡುವ ಗಾಟಾ3. ಅಲ್ಲಲ್ಲಿ ನ್ಯೂಕ್ಲಿಯಸ್‌ನಲ್ಲಿ ತೆಳು ಬಣ್ಣ, ಅಷ್ಟೇ. ಸ್ತನದ್ದಾದರೆ ಇನ್ನೂ ಜಾಸ್ತಿ ಬರಬೇಕಿತ್ತು ಅಲ್ವಾ? ಆದರೆ ಟ್ರಿಪಲ್ ನೆಗೆಟಿವ್‌ನಲ್ಲಿ (ಇಆರ್, ಪಿಆರ್, ಹರ್2 ಮೂರೂ ನೆಗೆಟಿವ್ ಇರುವ ಸ್ತನ ಕ್ಯಾನ್ಸರ್) ಹೀಗೂ ಆಗುತ್ತದೆ, ಮೇದೋಜೀರಕ ಗ್ರಂಥಿಯ ಗಡ್ಡೆಯಲ್ಲೂ ಆಗಬಹುದು. ಬ್ಲಾಕ್‌ನಲ್ಲಿ ಟಿಶ್ಯೂ ಮುಗಿಯುತ್ತಾ ಬಂದಿದೆ, ಸುಮ್ನೆ ಇಡೀ ಪ್ಯಾನೆಲ್ ಹಾಕುವ ಹಾಗಿಲ್ಲ. ಎರಡು ಸೆಕ್ಷನ್ ಸಿಕ್ಕರೆ ಹೆಚ್ಚು.

ಸ್ತನದ ಕಡೆಗೆ ಟಿಆರ್‌ಪಿಎಸ್1, ಸಾಕ್ಸ್10 ಹಾಕಲಾ, ಇಲ್ಲ ಮೇದೋಜೀರಕದ ಕಡೆಗೆ ಎಸ್‌ಎಂಎಡಿ4 ನೋಡಲಾ? ನೀವಾಗಿದ್ದರೆ ಯಾವುದನ್ನು ಮೊದಲು ಹಾಕುತ್ತಿದ್ದಿರಿ, ಯಾಕೆ?